ಅರವತ್ನಾಲ್ಕು ಎಳೆ

ಎರಡು ಗ್ರಾಫಿಕ್ಸ್ ಕಾರ್ಡುಗಳಿಗೂ ಹೆಸರಿಟ್ಟವನು ಲ್ಯಾಬಿನ ಸಹಾಯಕ ರಿಯಾಜ್. ಹಳೆಯದು ಅಜ್ಜ, ಹೊಸದು ಅಳಿಯ. ಯಾವ ಕಂಪನಿಯ ಕಾರ್ಡು ಯಾವುದೆಂದು ಪರೀಕ್ಷಕರಿಗೆ ತಿಳಿಯಬಾರದೆಂದು ಎರಡಕ್ಕೂ ಬೂದು ಬಣ್ಣ ಬಳಿದು, ಒಂದು, ಎರಡು ಎಂದು ಚೀಟಿ ಅಂಟಿಸಿ ಕಳಿಸಿದ್ದರು. ವಾರ ಕಳೆಯುವುದರೊಳಗೆ ಹುಬ್ಬಳ್ಳಿಯ ಆ ಪರೀಕ್ಷಾ ಕೇಂದ್ರದಲ್ಲಿ ಚೀಟಿಯ ಅಂಕಿಗಳನ್ನು ಎಲ್ಲರೂ ಮರೆತಿದ್ದರು.

"ಅಜ್ಜ ಯಾಕಂದ್ರ," ರಿಯಾಜ್ ವಿವರಿಸಿದ್ದ, "ಕೇಳಿದ್ದಕ್ಕ ಯೋಚನೆ ಮಾಡಿ ಮಾಡಿ ಒಂದೊಂದ ಮಾತು ಹೇಳ್ತಾನ. ಗೊತ್ತಿಲ್ಲಂದ್ರ ಸುಮ್ಮ ಕುಂದರ್ತಾನ. ಅಳಿಯ ಹಂಗಲ್ರೀ ಸರ. ಮಾವನ ಮನ್ಯಾಗ ಏನ ಕೇಳ್ರಿ, ಗೊತ್ತಿಲ್ಲ ಅನ್ನಂಗಿಲ್ಲ."

ಪರೀಕ್ಷೆಯ ಹೊಣೆ ಹೊತ್ತಿದ್ದ ನೀಲಕಂಠ ನಗಲಿಲ್ಲ. ಅವನು ನಗದಿರುವುದು ಕೇಂದ್ರದಲ್ಲಿ ಯಾರಿಗೂ ಹೊಸದಲ್ಲವಾದ್ದರಿಂದ ರಿಯಾಜ್ ತಾನೇ ನಕ್ಕು ಮುಗಿಸಿದ್ದ.

'ಮರುನೋಟ' ಎಂಬ ಸಾಧನ ಬಳಕೆಗೆ ಬಂದು ಆಗ ಆರು ವರ್ಷವಾಗಿತ್ತು. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಸತ್ತುಹೋದವರಿಗೆ ಅದು. ಕನ್ನಡಕದ ಎರಡು ಬದಿಗೆ ಎರಡು ಪುಟ್ಟ ಕ್ಯಾಮೆರಾ; ತಲೆಯ ಹಿಂಬದಿಯಲ್ಲಿ, ಮಿದುಳು ನೋಟವನ್ನು ಓದಿಕೊಳ್ಳುವ ಜಾಗದ ಮೇಲೆ, ಉಗುರಿನಗಲದ ಒಂದು ತಗಡು; ಇವೆರಡರ ನಡುವೆ, ಸೊಂಟಕ್ಕೆ ಕಟ್ಟಿಕೊಳ್ಳುವ ಡಬ್ಬಿಯಲ್ಲಿ, ಒಂದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರ್ ಆಟಗಳ ಕಾಡು, ಕೋಟೆ, ಓಡುವ ಕಾರುಗಳನ್ನು ಬಿಡಿಸಲೆಂದು ಹುಟ್ಟಿದ ಕಾರ್ಡುಗಳ ವಂಶದ್ದೇ ಅದು. ಈಗ ಕೋಟೆಯ ಬದಲು ಕಣ್ಣಿಲ್ಲದವರ ಎದುರಿಗಿರುವ ಬಾಗಿಲು, ಮೆಟ್ಟಿಲು, ಮುಖಗಳನ್ನು ಬಿಡಿಸುತ್ತಿತ್ತು. ಕ್ಯಾಮೆರಾ ಕಂಡದ್ದನ್ನು ಹಾಗೆಯೇ ತಗಡಿಗೆ ದಾಟಿಸಿದರೆ ಮಿದುಳಿಗೆ ಅದು ಬರೀ ಮಿಣುಕು. ಯಾವುದು ಅಂಚು, ಯಾವುದು ನೆರಳು, ಯಾವುದು ಹತ್ತಿರ ಎಂದು ಲೆಕ್ಕ ಹಾಕಿ, ಸೆಕೆಂಡಿಗೆ ಇಷ್ಟು ಚಿತ್ರ ಎಂದು ಹೊಸದಾಗಿ ಬರೆದುಕೊಡಬೇಕು. ಒಂದೊಂದು ಚಿತ್ರ ಒಂದೊಂದು ಫ್ರೇಮ್.

ಅಜ್ಜ ಸೆಕೆಂಡಿಗೆ ಹನ್ನೆರಡು ಫ್ರೇಮ್ ಬರೆಯುತ್ತಿದ್ದ, ಅಳಿಯ ಅರವತ್ತು. ಅಜ್ಜನ ಬ್ಯಾಟರಿ ಐದು ಗಂಟೆಯಲ್ಲಿ ಮುಗಿಯುತ್ತಿತ್ತು. ಅಳಿಯನದು ಹದಿನಾಲ್ಕು ಗಂಟೆ. ಒಂದು ತಿಂಗಳು ಅದು, ಒಂದು ತಿಂಗಳು ಇದು ಎಂದು ನಲವತ್ತು ಜನರಿಗೆ ಹಾಕಿ ನೋಡುತ್ತಿದ್ದರು. ಅಜ್ಜನ ತಿಂಗಳಲ್ಲಿ ಎಡವಿ ಬಿದ್ದದ್ದು, ಹಾಯ್ದುಕೊಂಡದ್ದು ಎಲ್ಲ ಸೇರಿ ಮೂವತ್ತೊಂದು. ಅಳಿಯನ ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು, ಅಲ್ಲಿಯವರೆಗೆ ಒಂಬತ್ತು. ನಲವತ್ತರಲ್ಲಿ ಮೂವತ್ತೆಂಟು ಜನ ಹೊಸದೇ ಇರಲಿ ಎಂದಿದ್ದರು. ಉತ್ತರದ ಜಿಲ್ಲೆಗಳಲ್ಲಿ ಸಾಧನಕ್ಕಾಗಿ ಕಾಯುತ್ತಿದ್ದ ಸಾವಿರದ ನೂರು ಮಂದಿಗೆ ಯಾವ ಕಾರ್ಡು ಹಾಕಬೇಕೆಂಬ ವರದಿಯನ್ನು ನೀಲಕಂಠ ಸೋಮವಾರ ಬೆಳಿಗ್ಗೆ ಕೊಡಬೇಕಿತ್ತು. ಅವತ್ತು ಗುರುವಾರ.

ಬರೆಯುವುದಕ್ಕೆ ಕಷ್ಟವೇನೂ ಇರಲಿಲ್ಲ. ಆದರೂ ಕೊನೆಯ ಸಾಲಿನ ಮುಂದೆ ಬಂದಾಗಲೆಲ್ಲ ಅವನ ಕೈ ನಿಲ್ಲುತ್ತಿತ್ತು.

ಆ ನಲವತ್ತು ಜನರಲ್ಲಿ ಅವನ ಅಕ್ಕನೂ ಒಬ್ಬಳು.

*

ಚಂಪಕ್ಕ ಪಡಸಾಲೆಯ ಕಿಟಕಿಗೆ ಬೆನ್ನು ಕೊಟ್ಟು ಕೂತು ಕಸೂತಿ ಹಾಕುತ್ತಿದ್ದಳು. ಮಡಿಲಲ್ಲಿ ಕರಿಯ ಚಂದ್ರಕಾಳಿ ಸೀರೆ, ಅದರ ಸೆರಗಿನ ಮೇಲೆ ಮುಗಿಯುತ್ತ ಬಂದ ಬಿಳಿ ಗೋಪುರ. ಕಸೂತಿ ಕೇಂದ್ರದವರು ಒಂದು ಮದುವೆಗೆಂದು ಕೊಟ್ಟ ಸೀರೆ ಅದು. ಸೋಮವಾರ ಬಂದು ಒಯ್ಯುವವರಿದ್ದರು. ಕಣ್ಣು ಹೋದ ಮೇಲೆ ಇಪ್ಪತ್ತು ವರ್ಷ ಆಕೆ ಕಸೂತಿ ಮುಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಮರುನೋಟ ಹಾಕಿಸಿಕೊಂಡಾಗ, ಅಜ್ಜನ ಹನ್ನೆರಡು ಫ್ರೇಮ್‌ಗಳಲ್ಲಿ ಒಂದು ಹೊಲಿಗೆಗೆ ಒಂದು ನಿಮಿಷ ಕಾದು, ದಪ್ಪ ಬಟ್ಟೆಯ ಮೇಲೆ ಮತ್ತೆ ಶುರು ಮಾಡಿದ್ದಳು. ಅಳಿಯ ಬಂದ ಮೇಲೆ ಸೂಜಿ ಓಡತೊಡಗಿತ್ತು. ಸೀರೆಯ ಕೆಲಸ ಹಿಡಿದದ್ದೇ ಆ ಧೈರ್ಯದಿಂದ.

"ಬಂದೇನು?" ಅವನು ಚಪ್ಪಲಿ ಬಿಡುವ ಸದ್ದಿಗೆ ತಲೆ ಎತ್ತಿದಳು. "ಏನೋ ನೀಲ್ಯಾ, ಇವತ್ತೂ ನಗಾಕತ್ತಿ."

ನೀಲಕಂಠ ಬಾಗಿಲಲ್ಲೇ ನಿಂತ. ಈ ಮಾತನ್ನು ಆಕೆ ಈ ಇಪ್ಪತ್ತಾರು ದಿನಗಳಲ್ಲಿ ಹಲವು ಸಲ ಹೇಳಿದ್ದಳು. ಮೊದಲ ದಿನ ಅವನು ಬಚ್ಚಲ ಮನೆಯ ಕನ್ನಡಿಯ ಮುಂದೆ ನಿಂತು ನೋಡಿಕೊಂಡಿದ್ದ. ಅಲ್ಲಿದ್ದದ್ದು ಎಂದಿನ ಮುಖ.

"ಅಜ್ಜ ಇದ್ದಾಗ ನಿನ್ನ ಮಾರಿ ಹಂಚಿನಂಗ ಕಾಣ್ತಿತ್ತು," ಅಂದಳು ಚಂಪಕ್ಕ ಸೂಜಿಗೆ ದಾರ ಪೋಣಿಸುತ್ತ. "ಮನಿ ಹಂಚು. ಬಿಸಲಾಗೂ ಹಂಗ, ಮಳ್ಯಾಗೂ ಹಂಗ. ಈಗ ನೋಡು, ನಿನ್ನ ಮುಂದ ಕುಂತರ ಮನಸ್ಸಿಗೆ ಹಗರ ಆಗ್ತೈತಿ."

ತಾನು ನಕ್ಕಿರಲಿಲ್ಲವೆಂಬುದನ್ನು ನುಂಗಿಕೊಂಡು ಅವನು ಚಪ್ಪಲಿಯನ್ನು ಮೂಲೆಗೆ ಸರಿಸಿದ. ಅವರಿಬ್ಬರ ನಡುವೆ ಹೇಳದೆ ಉಳಿದದ್ದು ಇದೊಂದೇ ಆಗಿರಲಿಲ್ಲ.

ಅವನಿಗೆ ಹತ್ತೊಂಬತ್ತು, ಆಕೆಗೆ ಇಪ್ಪತ್ತೈದು ಇದ್ದಾಗಿನ ಮಾತು. ಅಪ್ಪ ಅವ್ವ ಇಬ್ಬರೂ ತೀರಿಹೋದ ಮನೆ. ಆಕೆಯ ಕಸೂತಿಯಿಂದಲೇ ಅವನ ಕಾಲೇಜು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಆಕೆ, ತಲೆ ಸಿಡಿಯುತ್ತಿದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದೆ ಎಂದಳು. ಅವನು ಪುಸ್ತಕದಿಂದ ತಲೆ ಎತ್ತದೆ, "ಪರೀಕ್ಷಾ ಐತಿ ಅಕ್ಕಾ. ಎಂಟ ದಿನ ತಡಿ, ಮುಗದ ಮ್ಯಾಲ ದವಾಖಾನಿಗೆ ಹೋಗೂಣು" ಅಂದ. ಎಂಟು ದಿನ ಕಳೆದು ಹೋದಾಗ, ಕಣ್ಣಿನೊಳಗಿನ ಒತ್ತಡ ನರವನ್ನು ತಿಂದು ಮುಗಿಸಿತ್ತು. ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಅವನು ಕೇಳಿದ್ದಕ್ಕೆ ಡಾಕ್ಟರು, "ಉಳೀಬಹುದಿತ್ತು, ಉಳೀಲಿಕ್ಕಿಲ್ಲ" ಎಂದಿದ್ದರು. ಆ ಎರಡು ಮಾತುಗಳ ನಡುವೆ ಅವನು ಇಪ್ಪತ್ತೆರಡು ವರ್ಷ ಬದುಕಿದ್ದ. ಅಕ್ಕ ಅದನ್ನು ಎಂದೂ ಎತ್ತಲಿಲ್ಲ. ಆಕೆ ಎತ್ತದಿದ್ದುದರಿಂದ ಅವನೂ ಎತ್ತಲಿಲ್ಲ.

"ಬಾ ಇಲ್ಲೆ. ಹೆಂಗ ಬಂದೈತಿ ನೋಡು." ಚಂಪಕ್ಕ ಸೆರಗನ್ನು ಬೆಳಕಿಗೆ ಹಿಡಿದಳು. "ಒಂದ ಗೋಪುರ ಮುಗೀತು."

ಅವನು ಬಗ್ಗಿ ನೋಡಿದ. ಚಿಕ್ಕಂದಿನಿಂದ ನೋಡಿದ ಕೆಲಸವಾದ್ದರಿಂದ ಅವನಿಗೆ ಅದರ ನಡೆ ಗೊತ್ತಿತ್ತು. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹೋಗಬೇಕು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ, ಬಿಟ್ಟು ಬಿಟ್ಟು ಚಿತ್ರದ ಕೊನೆಯವರೆಗೆ ಹೋಗಿ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರಬೇಕು. ಎಲ್ಲೂ ಗಂಟು ಹಾಕುವಂತಿಲ್ಲ. ಎಣಿಕೆ ಸರಿಯಿದ್ದರೆ ದಾರ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಒಂದು ಎಳೆ ತಪ್ಪಿದರೂ ಸೇರುವುದಿಲ್ಲ.

ಅಲ್ಲಿ ಸೇರಿರಲಿಲ್ಲ. ಗೋಪುರದ ಬುಡದ ಎಡಮೂಲೆಯಲ್ಲಿ, ಹೊರಟ ದಾರಕ್ಕೂ ಬಂದ ದಾರಕ್ಕೂ ನಡುವೆ ಒಂದು ಸಣ್ಣ ಮೆಟ್ಟಿಲು ಉಳಿದಿತ್ತು.

"ಇಲ್ಲೆ ಕೂಡೈತಿ?" ಆ ಮೂಲೆಯ ಮೇಲೆ ಬೆರಳಿಟ್ಟು ಕೇಳಿದ.

"ಕೂಡದ ಏನ ಮಾಡ್ತೈತಿ? ಎಷ್ಟ ನೀಟಾಗಿ ಕೂಡೈತಿ ನೋಡಲ್ಲ." ಆಕೆಯ ಮುಖ ಬಿಚ್ಚಿಕೊಂಡಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಮುಖವನ್ನು ಹಾಗೆ ಕಂಡಿರಲಿಲ್ಲ. "ಹೆಂಗೈತಿ? ಹೇಳು."

"ಛಲೋ ಐತಿ," ಅಂದ ನೀಲಕಂಠ.

ಅಂದ ಮೇಲೆ ತಾನು ಏಕೆ ಹಾಗಂದೆನೆಂದು ತಿಳಿಯಲಿಲ್ಲ. ಬುಟ್ಟಿಯಲ್ಲಿ ಅದೇ ಸೀರೆಯ ಅಂಚಿನಿಂದ ಕತ್ತರಿಸಿ ತೆಗೆದ ಒಂದು ತುಂಡು ಬಿದ್ದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಚಹಾ ಕಾಸಲು ಒಳಗೆ ಹೋದ.

*

ಮರುದಿನ ಲ್ಯಾಬಿನಲ್ಲಿ ಅವನು ಆ ತುಂಡನ್ನು ಮೇಜಿಗೆ ಹಚ್ಚಿ, ಒಂದು ಅಂಗುಲ ಗುರುತು ಮಾಡಿ, ಅಕ್ಕ ಸೀರೆ ಹಿಡಿಯುವಷ್ಟೇ ದೂರದಲ್ಲಿ ಕ್ಯಾಮೆರಾ ನಿಲ್ಲಿಸಿದ. ಕಾರ್ಡು ಬರೆಯುವುದನ್ನು ತಗಡಿಗೆ ಕಳಿಸುವ ಬದಲು ಪರದೆಗೆ ಕಳಿಸಿದರೆ, ತೊಟ್ಟವರಿಗೆ ಏನು ಕಾಣುತ್ತದೆಂದು ಇವರೂ ನೋಡಬಹುದಿತ್ತು.

ಅಜ್ಜನ ಪರದೆಯಲ್ಲಿ ಬಟ್ಟೆಯ ಅರ್ಧ ಮಾತ್ರ ಮೂಡಿತು. ಉಳಿದದ್ದು ಕಪ್ಪು. ಕಂಡ ಅರ್ಧ ಅಂಗುಲದಲ್ಲಿ ಮೂವತ್ತೆರಡು ಎಳೆ. ಅಳಿಯನ ಪರದೆಯಲ್ಲಿ ಅಂಗುಲ ಪೂರ್ತಿ ಇತ್ತು, ಬಾಚಣಿಗೆಯ ಹಲ್ಲಿನಂತೆ ಒಪ್ಪವಾಗಿ. ಎಣಿಸಿದ. ಅರವತ್ತಾರು. ನೀರು ಕುಡಿದು ಬಂದು ಮತ್ತೆ ಎಣಿಸಿದ. ಅರವತ್ತೈದು.

"ಅಳಿಯ ನಡಬರಕ ಒಂದ ಎಳಿ ತಿಂದಾನ," ಅಂದ ರಿಯಾಜ್ ಹಿಂದಿನಿಂದ ಇಣುಕಿ.

"ಖರೆ ಎಷ್ಟದಾವು ನೋಡೂಣು." ನೀಲಕಂಠ ಭೂತಗನ್ನಡಿ ಹಿಡಿದು ಬಟ್ಟೆಯನ್ನೇ ಎಣಿಸಿದ. ಅರವತ್ಮೂರು. ರಿಯಾಜ್ ಎಣಿಸಿದ. ಅರವತ್ತೈದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ನನ್ನ ಕಣ್ಣಾಗೂ ಒಬ್ಬ ಅಳಿಯ ಕುಂತಾನೇನ್ರೀ ಸರ?" ರಿಯಾಜ್ ಈ ಸಲ ತಮಾಷೆ ಮಾಡುತ್ತಿರುವಂತೆ ಕಾಣಲಿಲ್ಲ.

ಕೊನೆಗೆ ಗುರುತಿನ ಎರಡೂ ಬದಿ ಕತ್ತರಿಸಿ, ಸೂಜಿಯಿಂದ ಒಂದೊಂದೇ ಎಳೆ ಹೊರತೆಗೆದು, ಬಿಳಿ ಹಾಳೆಯ ಮೇಲೆ ಸಾಲಾಗಿ ಅಂಟಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಅರವತ್ನಾಲ್ಕು. ಅರ್ಧ ಅಂಗುಲಕ್ಕೆ ಅಜ್ಜ ಹೇಳಿದ್ದ ಮೂವತ್ತೆರಡರ ಸರಿಯಾಗಿ ಎರಡರಷ್ಟು.

ಅಳಿಯನ ಒಳಗಿನ ನಡೆ ಆಗ ಬಿಡಿಸಿಕೊಂಡಿತು. ರಿಯಾಜ್ ಎಲ್ಲ ಫ್ರೇಮ್‌ಗಳನ್ನೂ ಒಂದೊಂದಾಗಿ ಹರಡಿ, ಕ್ಯಾಮೆರಾ ಕಂಡದ್ದಕ್ಕೆ ಹೊಂದಿಸಿ ನೋಡಿದ. ಸೆಕೆಂಡಿನ ಅರವತ್ತು ಫ್ರೇಮ್‌ಗಳಲ್ಲಿ ಅಳಿಯ ನೋಡಿ ಬರೆಯುತ್ತಿದ್ದದ್ದು ಎಂಟು. ಉಳಿದ ಐವತ್ತೆರಡು ಊಹೆ. ಮುಂದೆ ಏನು ಬರಬಹುದು, ಕಾಣದ ಜಾಗದಲ್ಲಿ ಏನಿರಬಹುದು ಎಂದು ಲಕ್ಷಾಂತರ ಚಿತ್ರ ಕಲಿತ ಅನುಭವದಿಂದ ಅದು ತುಂಬುತ್ತಿತ್ತು. ಕಲಿತ ಚಿತ್ರಗಳಲ್ಲಿ ಗೋಪುರಗಳ ಮೂಲೆ ಯಾವಾಗಲೂ ಕೂಡಿರುತ್ತಿತ್ತು. ಹಾಗಾಗಿ ಅಕ್ಕನ ಗೋಪುರವೂ ಕೂಡಿತ್ತು. ನಿಜವಾದ ಫ್ರೇಮ್ ಲೆಕ್ಕಕ್ಕೆ ಇಳಿದರೆ ಅಜ್ಜನೇ ಮುಂದು. ಬ್ಯಾಟರಿ ಉಳಿಯುತ್ತಿದ್ದ ಗುಟ್ಟೂ ಅದೇ. ನೋಡುವುದಕ್ಕೆ ಶಕ್ತಿ ಬೇಕು, ಊಹಿಸುವುದಕ್ಕೆ ಅಷ್ಟು ಬೇಡ.

ನೀಲಕಂಠ ಆ ಹಾಳೆಯನ್ನು ಹಿಡಿದುಕೊಂಡು ಕೇಂದ್ರದ ಮುಖ್ಯಸ್ಥೆ ಇಂದುಮತಿ ದೇಸಾಯಿಯವರ ಕೋಣೆಗೆ ಹೋದ. ಅರವತ್ತು ದಾಟಿದ ಹೆಂಗಸು; ಕಣ್ಣಿನ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವರು. ಎಲ್ಲ ಕೇಳಿಸಿಕೊಂಡು, ಒಂದು ಕಾಗದದ ಮೇಲೆ ಎಡಕ್ಕೊಂದು ಅಡ್ಡಗೀಟು, ಬಲಕ್ಕೊಂದು ಕರಿ ಚುಕ್ಕಿ ಬರೆದು ಅವನ ಮುಂದೆ ಹಿಡಿದರು.

"ಎಡಗಣ್ಣು ಮುಚ್ಚರಿ. ಬಲಗಣ್ಣಿಲೆ ಗೀಟು ನೋಡ್ಕೋತ ಇರ್ರಿ. ಹತ್ರ ತರತೀನಿ. ಚುಕ್ಕಿ ಅದ?"

"ಐತ್ರಿ. ಐತಿ... ಈಗಿಲ್ರಿ ಮೇಡಂ."

"ಅಲ್ಲೇನ ಕಾಣಸ್ತದ?"

"ಬಿಳೀ ಕಾಗದ."

"ಆ ಬಿಳೀ ಕಾಗದ ಯಾರು ಬರದ್ರು?" ಮೇಡಂ ಕಾಗದ ಕೆಳಗಿಟ್ಟರು. "ಎಲ್ಲಾರ ಕಣ್ಣಾಗೂ ಒಂದು ಕುರುಡು ಜಾಗ ಅದ ನೀಲಕಂಠ. ಮಿದುಳು ಅದನ್ನ ಸುತ್ತಲಿಂದು ನೋಡಿ ತುಂಬ್ತದ. ನಾವೂ ದಿನಾ ಊಹಾದಾಗ ನಡದಾಡ್ತೀವಿ. ಅಳಿಯ ಏನ ಹೊಸಾದು ಮಾಡ್ಯಾನ?"

"ಎಳಿ ತಪ್ಪಾಗಿ ತೋರಿಸ್ಯಾನ್ರೀ."

"ನನ್ನ ಮುಂದ ಬಿದ್ದವರ ಲೆಕ್ಕ ಅದ. ಮೂವತ್ತೊಂದಕ್ಕ ಒಂಬತ್ತು. ಎಳೀ ಸಲುವಾಗಿ ನಾ ಯಾರ ಮೊಣಕಾಲು ಒಡೀಲಿ, ನೀವ ಹೇಳ್ರಿ."

ಅವನು ಎಳೆಗಳ ಹಾಳೆಯನ್ನು ಮತ್ತೊಮ್ಮೆ ನೋಡಿದ. ಮೇಡಂ ಅಂದದ್ದು ತಪ್ಪಲ್ಲವೆಂದು ಅನ್ನಿಸಿತು. ತಾನು ತಂದ ಹಾಳೆಯೂ ತಪ್ಪಲ್ಲ. ಎರಡೂ ಸರಿಯಿರುವಾಗ ತಪ್ಪು ಎಲ್ಲಿ ಕೂತಿದೆ ಎಂಬುದು ಹೊಳೆಯದೆ, ಚುಕ್ಕಿ ಇದ್ದ ಕಾಗದವನ್ನೂ ಕೇಳಿ ಪಡೆದು ಹೊರಗೆ ಬಂದ.

ಪರೀಕ್ಷೆಯ ಡಬ್ಬಿಗಳು ತಾವು ಬರೆದದ್ದನ್ನೆಲ್ಲ ದಾಖಲಿಸಿ ಪ್ರತಿದಿನ ಕೇಂದ್ರಕ್ಕೆ ಕಳಿಸುತ್ತಿದ್ದವು. ಅವುಗಳನ್ನು ತೆರೆಯಲು ತೊಟ್ಟವರ ಒಪ್ಪಿಗೆ ಇರಬೇಕು. ಚಂಪಕ್ಕ ಮೊದಲ ದಿನವೇ ಹೆಬ್ಬೆಟ್ಟು ಒತ್ತಿದ್ದಳು. ಆದರೂ ಅಕ್ಕನ ದಾಖಲೆಯನ್ನು ನೀಲಕಂಠ ಈವರೆಗೆ ತೆರೆದಿರಲಿಲ್ಲ. ಅವತ್ತು ತೆರೆದ. ಗುರುವಾರ ಸಂಜೆ, ಬಾಗಿಲಲ್ಲಿ ತಾನು ನಿಂತ ಆ ಒಂದು ಸೆಕೆಂಡು. ಫ್ರೇಮ್‌ಗಳನ್ನು ಸಾಲಾಗಿ ಹರಡಿದ.

ಒಂದು ನಿಜವಾದ ಫ್ರೇಮ್‌ನಲ್ಲಿ ಅವನ ಮುಖ, ಎಂದಿನಂತೆ. ಅದರ ನಂತರದ ನಿಜವಾದ ಫ್ರೇಮ್‌ನಲ್ಲಿ ತುಟಿಯ ಬಲ ಅಂಚು ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಅಲ್ಲಿಂದ ಮುಂದೆ ಊಹೆ. ತುಟಿ ಬಿರಿಯಿತು, ಕೆನ್ನೆ ಏರಿತು, ಕಣ್ಣಿನ ಸುತ್ತ ಗೆರೆ ಮೂಡಿತು. ಅವನು ಎಂದೂ ನೋಡಿರದ ತನ್ನ ನಗು. ಮುಂದಿನ ನಿಜವಾದ ಫ್ರೇಮ್‌ನಲ್ಲಿ ತುಟಿ ಮತ್ತೆ ಮುಚ್ಚಿತ್ತು. ಅಳಿಯ ಅದನ್ನು ಒಮ್ಮೆಗೇ ಅಳಿಸದೆ, ನಗುವನ್ನು ಮೆಲ್ಲಗೆ ಇಳಿಸಿದ್ದ.

ಉಳಿದ ದಿನಗಳನ್ನೂ ನೋಡಿದ. ಎಲ್ಲದರಲ್ಲೂ ಹಾಗೆಯೇ. ಪ್ರತಿ ನಗುವಿನ ಮೊದಲ ಅಕ್ಕಿಕಾಳು ಅವನದೇ.

ಹಾಗಾದರೆ ಅಳಿಯ ಸುಳ್ಳು ಹೇಳಿದ್ದೇನು? ಅಕ್ಕ ಕೂತಿದ್ದನ್ನು ಕಂಡ ಕೂಡಲೇ ಅವನ ಮುಖ ನಗಲು ಹೊರಟಿದ್ದು ನಿಜ. ಸೆಕೆಂಡಿನ ಎಂಟನೇ ಒಂದು ಭಾಗದೊಳಗೆ ಅದನ್ನು ತಡೆದದ್ದೂ ನಿಜ. ತಾನು ಹೀಗೆ ತಡೆಯುತ್ತಿದ್ದೇನೆಂದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಒಂದು ಕಾರ್ಡು ಮುಗಿಸಿ ತೋರಿಸಿತ್ತು. ಹಾಗೆ ಮುಗಿಸಿದ್ದು ಯಾರ ನಗು, ತನ್ನದೋ ಕಾರ್ಡಿನದೋ?

"ಸರ, ಕಂಪ್ಯೂಟರ್ ಬಂದ್ ಮಾಡ್ಲಿ?" ರಿಯಾಜ್ ಕೇಳಿದ. "ಎಷ್ಟೊತ್ತು ನಿಮ್ಮ ಮಾರಿ ನೀವ ನೋಡ್ಕೋತೀರಿ?"

*

ರವಿವಾರ ಊಟವಾದ ಮೇಲೆ ಚಂಪಕ್ಕ ಸೀರೆ ಹರಡಿಕೊಂಡು ಕೂತಳು. ಎರಡನೆಯ ಗೋಪುರವೂ ಮುಗಿಯುವುದರಲ್ಲಿತ್ತು. ನೀಲಕಂಠ ಚೀಲದಿಂದ ಬೂದು ಬಣ್ಣದ ಹಳೆಯ ಕಾರ್ಡನ್ನು ತೆಗೆದು ಎದುರಿಗೆ ಕೂತ.

"ಅಕ್ಕಾ, ಡಬ್ಬಿ ಬಿಚ್ಚಿ ಕೊಡು. ಸ್ವಲ್ಪ ಹೊತ್ತು ಅಜ್ಜನ್ನ ಹಾಕೂಣು."

"ಯಾಕ?"

"ಪರೀಕ್ಷಾ ಐತಿ."

ಆ ಶಬ್ದ ಬಾಯಿಂದ ಬಿದ್ದ ಮೇಲೆ ಅವನಿಗೆ ಕೇಳಿಸಿತು. ಆಕೆಗೂ ಕೇಳಿಸಿರಬೇಕು. ಸೂಜಿ ಬಟ್ಟೆಯ ಮೇಲೆ ನಿಂತಿತು. ಹೊರಗೆ ಯಾರೋ ನಳದ ಕೆಳಗೆ ಕೊಡ ಇಟ್ಟರು.

"ನಿನ್ನ ಪರೀಕ್ಷಾ ಯಾವಾಗ ಮುಗೀತಾವೋ ನೀಲ್ಯಾ," ಅಂದಳು ಚಂಪಕ್ಕ.

ಸಿಟ್ಟಿರಲಿಲ್ಲ ದನಿಯಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ಆಕೆ ಅದರ ಹತ್ತಿರ ಬಂದದ್ದು ಅದೇ ಮೊದಲು. ಅವನು ಕೈಯಲ್ಲಿದ್ದ ಕಾರ್ಡನ್ನು ನೋಡಿಕೊಂಡು, ಹೇಳಬೇಕಾದ್ದರಲ್ಲಿ ಚಿಕ್ಕದನ್ನು ಮೊದಲು ಹೇಳಿದ.

"ಗೋಪುರ ಕೂಡಿಲ್ಲಕ್ಕಾ. ಎಡಮೂಲ್ಯಾಗ ಒಂದ ಎಳಿ ತಪ್ಪೈತಿ."

"ಗುರುವಾರ ಛಲೋ ಐತಿ ಅಂದಿ."

"ಅಂದೆ."

"ನಗತಾ ಅಂದಿ."

ಅವನು ಕಾರ್ಡನ್ನು ಕೆಳಗಿಟ್ಟ. "ಅಳಿಯ ಕಾಣದ್ದನ್ನ ಊಹಾ ಮಾಡಿ ತುಂಬ್ತಾನ. ಎಳಿ ತುಂಬ್ಯಾನ, ಮೂಲಿ ಕೂಡಿಸ್ಯಾನ. ನಗೀನೂ..."

ಚಂಪಕ್ಕ ಸೆರಗನ್ನು ತಿರುವಿದಳು. ಕಸೂತಿಯನ್ನು ಬಲ್ಲವರು ನೋಡುವುದು ಹಿಂಬದಿಯನ್ನೇ. ಕನ್ನಡಕ ಬೇರೆ ಕಡೆ ಹೊರಳಿಸಿ, ಹೆಬ್ಬೆರಳಿನ ಉಗುರನ್ನು ಗೋಪುರದ ಬುಡದ ಮೇಲೆ ಮೆಲ್ಲಗೆ ಎಳೆದಳು. ಮೂಲೆಗೆ ಬಂದು ಉಗುರು ತಡೆಯಿತು. ಇನ್ನೊಮ್ಮೆ ಎಳೆದಳು. ಅಲ್ಲಿಯೇ ತಡೆಯಿತು.

"ನಾಕ ದಿನದಿಂದ ಬೆರಳು ಹೇಳಾಕತ್ತಿತ್ತು," ಅಂದಳು. "ಕಣ್ಣು ಇಲ್ಲ ಅಂತಿತ್ತು. ಭಾಳ ವರ್ಷದ ಮ್ಯಾಲ ಬಂದ ಕಣ್ಣು, ಅದರ ಮಾತು ಕೇಳಿದೆ." ಡಬ್ಬಿಯನ್ನು ಬಿಚ್ಚಿ ಅವನ ಕಡೆ ನೂಕಿದಳು. "ಹಾಕು."

ಅವನು ಕಾರ್ಡು ಬದಲಿಸಿದ. ಅಜ್ಜ ಎಚ್ಚರಾಗಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಆಕೆ ಕತ್ತಲಲ್ಲಿದ್ದಳು. ಅವನು ಆ ಕತ್ತಲಿನ ಎದುರು ಕೂತಿದ್ದ. ಆಮೇಲೆ ಆಕೆಯ ತಲೆ ಸಣ್ಣಗೆ ಅತ್ತಿತ್ತ ಆಡಿತು, ತುಂಡು ತುಂಡಾಗಿ ಬರುವ ಲೋಕವನ್ನು ಹಿಡಿಯುವವರು ಆಡಿಸುವ ಹಾಗೆ.

"ಹೂಂ. ಬಂತು ಹಂಚು."

"ಅಳಿಯನ್ನ ವಾಪಸ್ ಹಾಕಲಿ?"

"ಬ್ಯಾಡ. ಹಂಚಾದ್ರೂ ನಿನ್ನ ಮಾರೀದ ಹಂಚು." ಸೀರೆಯನ್ನು ಮುಖದ ಹತ್ತಿರ ತಂದಳು. "ಇಲ್ಲೆ ನೋಡು, ಈ ಮೂಲಿ ಕಪ್ಪು ಬಿಟ್ಟಾನ ಅಜ್ಜ. ಕಾಣ್ಸವಲ್ದು ಅಂದ್ರ ಕಾಣ್ಸವಲ್ದು. ಅಲ್ಲೆ ನಾ ಬೆರಳು ಇಡ್ತೀನಿ. ಅಳಿಯ ಬೆರಳಿಗೆ ಜಾಗಾನ ಬಿಡವಲ್ಲ."

"ನಾಳೆ ವರದಿ ಕೊಡಬೇಕಕ್ಕಾ. ಸಾವಿರದ ನೂರ ಮಂದಿಗೆ. ಯಾವದು ಅಂತ ಬರೀಲಿ, ತಿಳೀವಲ್ದು. ಅಜ್ಜ ಅಂದ್ರ ಮಂದಿ ಬೀಳ್ತಾರ. ಅಳಿಯ ಅಂದ್ರ..."

"ಮೊನ್ನೆ ಚನ್ನಮ್ಮ ಸರ್ಕಲ್ ದಾಟೇನಿ ಒಬ್ಬಾಕಿನ. ಅಜ್ಜನ್ನ ಕಟಗೊಂಡು ದಾಟಿದ್ರ ಬಸ್ಸಿನ ಕೆಳಗ ಇರ್ತಿದ್ದೆ." ಚಂಪಕ್ಕ ಸೂಜಿಯ ಹಿಂಬದಿಯಿಂದ ಕೊನೆಯ ಹೊಲಿಗೆಯನ್ನು ಎತ್ತಿ ಸಡಿಲಿಸಿದಳು. "ರಸ್ತಾದಾಗ ಅಳಿಯ ಇರಲಿ. ಸೂಜಿ ಹಿಡದಾಗ, ಮಂದಿ ಮಾರಿ ನೋಡುವಾಗ ಊಹಾ ಬ್ಯಾಡ. ಒಂದ ಗುಂಡಿ ಇಡಾಕ ಆಗೂದಿಲ್ಲೇನು ಅದಕ್ಕ? ಒತ್ತಿದ್ರ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಕಪ್ಪು ಬಿಡಬೇಕು. ಯಾವಾಗ ನೋಡಿ ಹೇಳ್ತಾನ, ಯಾವಾಗ ಕಟ್ಟಿ ಹೇಳ್ತಾನ, ಅದು ನನಗ ತಿಳೀಬೇಕು. ಅಷ್ಟ."

ಅವನು ಯೋಚಿಸಿದ. ಗುಂಡಿ ಒತ್ತಿದರೆ ಅಳಿಯ ಸೆಕೆಂಡಿಗೆ ಎಂಟೇ ಫ್ರೇಮ್ ಬರೆಯುತ್ತಾನೆ, ಅಜ್ಜನಿಗಿಂತ ಕಡಿಮೆ. ಕಂಪನಿಯವರು ಒಪ್ಪಲಿಕ್ಕಿಲ್ಲ. ಮೇಡಂ ಕೇಳಿರುವುದು ಒಂದೇ ಹೆಸರು, ಷರತ್ತುಗಳನ್ನಲ್ಲ. ಆದರೂ ಚೀಲದಿಂದ ವರದಿಯ ಹಾಳೆ ತೆಗೆದು, ಕೊನೆಯ ಸಾಲಿನಲ್ಲಿ ಎರಡನೆಯ ಕಾರ್ಡು ಎಂದು ಬರೆದು, ಅದರ ಕೆಳಗೆ ಅಕ್ಕ ಅಂದದ್ದನ್ನು ಆದಷ್ಟು ಆಕೆಯ ಮಾತಿನಲ್ಲೇ ಬರೆದ: ಊಹೆಯನ್ನು ನಿಲ್ಲಿಸುವ ಗುಂಡಿ ತೊಟ್ಟವರ ಕೈಯಲ್ಲಿರಬೇಕು, ಅದು ಇಲ್ಲದಿದ್ದರೆ ಈ ಶಿಫಾರಸು ಇಲ್ಲವೆಂದು ತಿಳಿಯಬೇಕು. ಹಾಳೆಗೆ ಅರವತ್ನಾಲ್ಕು ಎಳೆಗಳ ಕಾಗದವನ್ನು ಪಿನ್ ಹಚ್ಚಿದ. ಚುಕ್ಕಿಯ ಕಾಗದವನ್ನೂ ಹಚ್ಚಿದ. ಸರಿಯಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಕೈ ನಿಲ್ಲಲಿಲ್ಲ.

ಚಂಪಕ್ಕ ಹೊಲಿಗೆ ಬಿಚ್ಚುತ್ತಿದ್ದಳು. ಗಂಟಿಲ್ಲದ ದಾರವಾದ್ದರಿಂದ ಬಂದ ದಾರಿಯಲ್ಲೇ ಅದು ಹಿಂದಕ್ಕೆ ಹೋಗುತ್ತಿತ್ತು. ಬುಡ, ಒಂದು ಮಜಲು, ಇನ್ನೊಂದು ಮಜಲು.

"ಸೀರಿ ನಾಳೆ ಕೊಡಾಕ ಆಗೂದಿಲ್ಲ," ಅಂದ ಅವನು.

"ಎರಡ ದಿನ ತಡಾ ಆಗ್ತೈತಿ ಅಂತ ಹೇಳಿದ್ರಾತು. ಕೂಡದ ಗೋಪುರ ಉಟಗೊಂಡು ಯಾವ ಮದಿಮಗಳು ಕುಂದರ್ತಾಳ?" ತಲೆ ಎತ್ತದೆ ಕೇಳಿದಳು. "ಹಂಗಾರ ಈ ತಿಂಗಳದಾಗ ನೀ ಒಮ್ಮೆನೂ ನಕ್ಕಿಲ್ಲ?"

"ಶುರು ಮಾಡೇನಿ," ಅಂದ ನೀಲಕಂಠ. "ದಾಖಲಿ ತಗದು ನೋಡಿದೆ. ನಿನ್ನ ಕಂಡಾಗೊಮ್ಮೆ ಶುರು ಮಾಡೇನಿ. ಮುಗಿಸಿಲ್ಲ."

ಸೂಜಿ ನಿಂತಿತು.

"ಶುರು ಮಾಡಿ ಯಾಕ ಬಿಟ್ಟಿ?"

ಅವನಿಗೆ ಉತ್ತರ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನು ಬಾಯಿಯ ಬಾಗಿಲವರೆಗೆ ತಂದು ಮುಚ್ಚಿದ್ದ. ಈಗ ಬಾಯಿ ತೆರೆದ. "ಅಕ್ಕಾ, ಆ ಎಂಟ ದಿನ..."

"ತಡಿ." ಚಂಪಕ್ಕ ಎಡಗೈ ಎತ್ತಿದಳು. "ಎಣಸಾಕತ್ತೇನಿ. ಒಂದ, ಎರಡ, ಮೂರ..." ತಪ್ಪಿದ ಜಾಗ ಸಿಕ್ಕಿತ್ತು, ನಾಲ್ಕರ ಬದಲು ಐದು ಎಳೆ ಎತ್ತಿದ ಹೊಲಿಗೆ. ಅದನ್ನು ಬಿಡಿಸಿ, ಕಪ್ಪು ಉಳಿದಲ್ಲಿ ಬೆರಳಿಟ್ಟು, ಉಗುರಿನಿಂದ ಮತ್ತೆ ಎಣಿಸಿ, ಸೂಜಿಯನ್ನು ಸರಿಯಾದ ಎಳೆಯ ಕೆಳಗೆ ತೂರಿಸಿದಳು. ಅವನು ಕಾದ. ಅವಸರ ಮಾಡಲಿಲ್ಲ.

ದಾರ ಎಳೆದು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಚಂಪಕ್ಕ ಸೀರೆಯನ್ನು ಪಕ್ಕಕ್ಕಿಟ್ಟಳು. ಕನ್ನಡಕವನ್ನು ನೇರ ಅವನ ಕಡೆ ತಿರುಗಿಸಿದಳು. ಸೆಕೆಂಡಿಗೆ ಹನ್ನೆರಡು. ಇದ್ದದ್ದು ಇದ್ದಷ್ಟೇ ಕಾಣುತ್ತದೆ. ಅವನು ಹೇಳದೆ ಬಿಟ್ಟದ್ದನ್ನು ಯಾರೂ ತುಂಬಿಕೊಡುವುದಿಲ್ಲ.

"ಹಾಂ," ಅಂದಳು. "ಈಗ ಹೇಳು."